ಪ್ರಿಂಟರ್ ಒಳಗೇ ಲೋಗೋ ಇಟ್ಟಿದ್ದೇನೆ, ಬಿಲ್‌ನಿಂದ ಕರೆದರೆ ಬರುತ್ತಿಲ್ಲ

ಬಿಲ್‌ಬರಹ:
ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಹಳೇ ಬಿಲ್ಲಿಂಗ್ ಪ್ರೋಗ್ರಾಂ ಒಂದಿದೆ. ಅದಕ್ಕೆ ಗೊತ್ತಿರುವುದು ಬರೀ ಅಕ್ಷರ. ಚಿತ್ರದ ಗಂಧವೇ ಇಲ್ಲ. ಇಷ್ಟು ದಿನ ಲೋಗೋ ಮೊದಲೇ ಅಚ್ಚಾಗಿರುವ ಹಾಳೆ ಮೇಲೆ ಬಿಲ್ ತೆಗೆಯುತ್ತಿದ್ದೆವು. ಆ ಹಾಳೆ ಖಾಲಿಯಾಗುತ್ತಾ ಬಂತು. ಮತ್ತೆ ಮಾಡಿಸುವ ಬದಲು ಲೋಗೋವನ್ನು ಲೇಸರ್ ಪ್ರಿಂಟರ್ ಒಳಗೇ ಮ್ಯಾಕ್ರೋ (ನಂಬರ್ ಕೊಟ್ಟು ಉಳಿಸಿದ ಕಮಾಂಡ್‌ಗಳ ಗಂಟು) ಮಾಡಿ ಇಟ್ಟುಬಿಡೋಣ, ಬಿಲ್‌ನಿಂದ ಒಂದು ಎಸ್ಕೇಪ್ ಕಮಾಂಡ್ ಕಳಿಸಿ ಕರೆಯೋಣ ಅಂದುಕೊಂಡೆ. ಪ್ರೋಗ್ರಾಂನ ಸೆಟ್ಟಿಂಗ್‌ನಲ್ಲಿ ಬಿಲ್‌ನ ತಲೆಗೆ ಕಂಟ್ರೋಲ್ ಅಕ್ಷರ ಸೇರಿಸಲು ಒಂದು ಖಾನೆ ಇದೆ. ಆದರೆ ಅದರಲ್ಲಿ ಹಿಡಿಸುವುದು 40 ಬೈಟ್ ಅಷ್ಟೇ.

ಪ್ರಿಂಟರ್ ಮಾತಾಡುವುದು ಪಿಸಿಎಲ್ 5, ಅಂದರೆ ಎಚ್‌ಪಿಯ ಪ್ರಿಂಟರ್ ಭಾಷೆ. ಲೋಗೋ 2 ಇಂಚು ಅಗಲ, 1 ಇಂಚು ಎತ್ತರ, 300 ಡಿಪಿಐ (ಇಂಚಿಗೆ 300 ಚುಕ್ಕಿ), ಬರೀ ಕಪ್ಪು ಬಿಳುಪು. ಮ್ಯಾಕ್ರೋ ನಂಬರ್ 7 ಕೊಟ್ಟು ಒಂದು ಫೈಲ್ ಮಾಡಿ ಕಳಿಸಿದೆ. ಅದರ ಕೊನೆಯಲ್ಲೇ ಪರೀಕ್ಷೆಗೆ ಅಂತ ಕರೆಯುವ ಕಮಾಂಡ್ ಹಾಕಿದ್ದೆ. ಲೋಗೋ ಸೊಗಸಾಗಿ ಬಂತು. ಖುಷಿಯಾಗಿ ಬಿಲ್ ತೆಗೆದರೆ ಏನೂ ಇಲ್ಲ. ಎರರ್ ಇಲ್ಲ, ಕಸ ಅಕ್ಷರವೂ ಇಲ್ಲ. ಲೋಗೋ ಜಾಗ ಬೋಳು. ಕಮಾಂಡ್ ಮಾತ್ರ ಅದೇ, ಒಂದಕ್ಷರ ಬದಲಿಲ್ಲ.

ಕೇಬಲ್‌ಕಿತ್ತವನು:
ಬಿಲ್ ಪ್ರೋಗ್ರಾಂ ಎಲ್ಲಕ್ಕಿಂತ ಮೊದಲು ಕಳಿಸುವ ಎರಡು ಬೈಟ್ ಯಾವುವು? ಪ್ರಿಂಟ್ ಅನ್ನು ಫೈಲ್‌ಗೆ ತಿರುಗಿಸಿ ನೋಡಿ ಹೇಳಿ.

ಬಿಲ್‌ಬರಹ:
27, ಆಮೇಲೆ ಕ್ಯಾಪಿಟಲ್ ಇ.

ಟೋನರ್‌ತಾತ:
ಅಲ್ಲೇ ಇದೆ ನೋಡಿ ಕಳ್ಳ.

ಮೊದಲು ಒಂದು ಮಾತು. ಇಲ್ಲಿ ಕಮಾಂಡ್ ಬರೆಯುವಾಗ ಎಸ್ಕೇಪ್ ಅಂದರೆ 27ನೇ ಬೈಟ್, ಅಂದರೆ ಬೆಲೆ 27 ಇರುವ ಬೈಟ್, ಅಂತ ಓದಿಕೊಳ್ಳಿ. ಅಕ್ಷರ ಕ್ಯಾಪಿಟಲ್ಲೋ ಸ್ಮಾಲೋ ಅಂತ ನಾನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಪಿಸಿಎಲ್‌ನಲ್ಲಿ ಅರ್ಧ ತಲೆನೋವು ಅಲ್ಲೇ. ಕಮಾಂಡ್‌ನ ಕೊನೆಯ ಅಕ್ಷರ ಕ್ಯಾಪಿಟಲ್ ಇದ್ದರೆ ಅಲ್ಲಿಗೆ ಮುಗಿಯಿತು ಅಂತ ಅರ್ಥ. ಸ್ಮಾಲ್ ಇದ್ದರೆ "ಇರು, ಇನ್ನೂ ಇದೆ" ಅಂತ. ಹಾಗಾಗಿ "ಎಸ್ಕೇಪ್ & ಸ್ಮಾಲ್ ಎಫ್ 7 ಕ್ಯಾಪಿಟಲ್ ವೈ" ಮತ್ತು "ಎಸ್ಕೇಪ್ & ಸ್ಮಾಲ್ ಎಫ್ 3 ಕ್ಯಾಪಿಟಲ್ ಎಕ್ಸ್" ಎರಡನ್ನೂ ಕೂಡಿಸಿ "ಎಸ್ಕೇಪ್ & ಸ್ಮಾಲ್ ಎಫ್ 7 ಸ್ಮಾಲ್ ವೈ 3 ಕ್ಯಾಪಿಟಲ್ ಎಕ್ಸ್" ಅಂತ ಬರೆಯಬಹುದು. ಒಟ್ಟು 7 ಬೈಟ್. ನಿಮ್ಮ 40ರ ಖಾನೆಯಲ್ಲಿ ಆರಾಮಾಗಿ ಕೂರುತ್ತದೆ.

ಈಗ ವಿಷಯ. ಎಸ್ಕೇಪ್ ಕ್ಯಾಪಿಟಲ್ ಇ ಅಂದರೆ ಪ್ರಿಂಟರ್ ರೀಸೆಟ್. ನೀವು ಹೊಸದಾಗಿ ಮಾಡಿದ ಮ್ಯಾಕ್ರೋ ಹುಟ್ಟುವುದೇ ತಾತ್ಕಾಲಿಕವಾಗಿ. ರೀಸೆಟ್ ಬಂತು, ತಾತ್ಕಾಲಿಕ ಮ್ಯಾಕ್ರೋ ಎಲ್ಲ ಹೋಯಿತು. ಆಮೇಲೆ ನೀವು 7ನ್ನು ಕರೆದರೆ ಪ್ರಿಂಟರ್‌ಗೆ ಅಂಥವನು ಯಾರೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಪಿಸಿಎಲ್ ಸುಮ್ಮನೆ ನುಂಗಿಕೊಳ್ಳುತ್ತದೆ, ದೂರು ಹೇಳುವುದಿಲ್ಲ. ಅದಕ್ಕೇ ನಿಮಗೆ ಎರರ್ ಕಾಣಲಿಲ್ಲ.

ಎಫ್ ಗುಂಪಿನ ಎಕ್ಸ್ ಕಮಾಂಡ್‌ಗೆ ಕೊಡುವ ಸಂಖ್ಯೆಯಲ್ಲೇ ಎಲ್ಲ ಇದೆ. 0 ಅಂದರೆ ಬರೆದುಕೊಳ್ಳಲು ಶುರು ಮಾಡು. 1 ಅಂದರೆ ನಿಲ್ಲಿಸು. 2 ಮತ್ತು 3 ಎರಡೂ ಮ್ಯಾಕ್ರೋ ಓಡಿಸುತ್ತವೆ, ವ್ಯತ್ಯಾಸ ಆಮೇಲೆ ಹೇಳುತ್ತೇನೆ. 4 ಓವರ್‌ಲೇ ಹಾಕುತ್ತದೆ, 5 ತೆಗೆಯುತ್ತದೆ. 6, 7, 8 ಅಳಿಸುವ ಬಗೆಗಳು. 9 ತಾತ್ಕಾಲಿಕ ಮಾಡುತ್ತದೆ. ನಿಮಗೆ ಬೇಕಾದದ್ದು 10, ಅದು ಪರ್ಮನೆಂಟ್. ನಿಮ್ಮ ಫೈಲ್‌ನಲ್ಲಿ 1 ಎಕ್ಸ್ ಆದ ಮೇಲೆ 10 ಎಕ್ಸ್ ಸೇರಿಸಿ. ಆಗ ರೀಸೆಟ್ ಬಂದರೂ ಉಳಿಯುತ್ತದೆ.

ಬಿಲ್‌ಬರಹ:
ತಾತ, ಬಂತು! 10 ಎಕ್ಸ್ ಹಾಕಿದ ಮೇಲೆ ಲೋಗೋ ಬಿಲ್‌ನಲ್ಲೂ ಬಂತು. ಆದರೆ ಈಗ ಬಿಲ್‌ನ ಅಕ್ಷರಗಳು ಹಾಳೆಯ ಮೇಲಿನಿಂದ ಶುರುವಾಗುವ ಬದಲು ಲೋಗೋ ಮುಗಿದಲ್ಲಿಂದ ಶುರುವಾಗುತ್ತಿವೆ. ಒಟ್ಟು ಬಿಲ್ಲೇ ಕೆಳಗೆ ಜಾರಿ ಕೊನೆಯ ಎರಡು ಸಾಲು ಮುಂದಿನ ಪುಟಕ್ಕೆ ಹೋಗಿದೆ. ನಾನು 3 ಎಕ್ಸ್ ಬಳಸಿದ್ದೇನೆ. 3ರಲ್ಲಿ ಎಲ್ಲ ಮೊದಲಿನಂತೆ ಆಗುತ್ತದೆ ಅಂತ ಓದಿದ್ದೆನಲ್ಲ?

ಟೋನರ್‌ತಾತ:
ಎಲ್ಲ ಅಂದರೆ ಎಲ್ಲ ಅಲ್ಲ. 2 ಎಕ್ಸ್‌ನಲ್ಲಿ ಮ್ಯಾಕ್ರೋ ಒಳಗೆ ನೀವು ಫಾಂಟ್ ಬದಲಿಸಿದರೆ, ಮಾರ್ಜಿನ್ ಬದಲಿಸಿದರೆ, ಅದು ಹೊರಗೂ ಹಾಗೇ ಉಳಿಯುತ್ತದೆ. 3 ಎಕ್ಸ್‌ನಲ್ಲಿ ಹೋಗುವ ಮುಂಚೆ ಇದ್ದ ಫಾಂಟ್, ಮಾರ್ಜಿನ್, ಸಾಲಿನ ಅಂತರ ಎಲ್ಲ ವಾಪಸ್ ಬರುತ್ತದೆ. ಆದರೆ ಕರ್ಸರ್ ಎಲ್ಲಿದೆ ಅನ್ನುವುದು ಆ ಪಟ್ಟಿಯಲ್ಲಿ ಇಲ್ಲ. ಮ್ಯಾಕ್ರೋ ಎಲ್ಲಿ ಬಿಟ್ಟಿತೋ ಅಲ್ಲೇ ನಿಂತಿರುತ್ತದೆ. ಎಷ್ಟೋ ಜನ ಇಲ್ಲಿ ಎಡವಿದ್ದಾರೆ. ನಾನೂ ಎಡವಿದ್ದೇನೆ, ಒಂದು ಇಡೀ ರಾತ್ರಿ.

ಮ್ಯಾಕ್ರೋದ ಮೊದಲ ಕಮಾಂಡ್ "ಎಸ್ಕೇಪ್ & ಸ್ಮಾಲ್ ಎಫ್ 0 ಕ್ಯಾಪಿಟಲ್ ಎಸ್" ಇರಲಿ. ಅದು ಕರ್ಸರ್ ಜಾಗವನ್ನು ಎತ್ತಿಡುತ್ತದೆ. ಕೊನೆಯ ಕಮಾಂಡ್ ಅದೇ, 0 ಬದಲು 1. ಎತ್ತಿಟ್ಟ ಜಾಗಕ್ಕೆ ವಾಪಸ್ ಹೋಗುತ್ತದೆ. ಹೀಗೆ 20 ಜಾಗದವರೆಗೂ ಒಂದರ ಮೇಲೊಂದು ಎತ್ತಿಡಬಹುದು.

ಬಿಲ್‌ಬರಹ:
ಹಾಕಿದೆ. ಬಹುಪಾಲು ಸರಿಯಾಯಿತು. ಆದರೂ ಮೂರು ಸಾಲು ಕೆಳಗಿದೆ. ನಿಖರವಾಗಿ ಮೂರು.

ಬೈಟೆಣಿಕೆ:
ಮ್ಯಾಕ್ರೋದ ತಲೆಭಾಗವನ್ನು ಟೆಕ್ಸ್ಟ್ ಎಡಿಟರ್‌ನಲ್ಲಿ ಬರೆದಿರಾ? ಒಂದೊಂದು ಕಮಾಂಡ್ ಒಂದೊಂದು ಸಾಲಿನಲ್ಲಿ, ಓದಲು ಚೆಂದ ಇರಲಿ ಅಂತ?

ಬಿಲ್‌ಬರಹ:
ಹೌದು ಮಾರಾಯ್ರೆ. ಹೇಗೆ ಗೊತ್ತಾಯಿತು?

ಬೈಟೆಣಿಕೆ:
ನಿಮ್ಮ ಕಣ್ಣಿಗೆ ಸಾಲು ಮುರಿದದ್ದು, ಪ್ರಿಂಟರ್‌ಗೆ ಅದು ಲೈನ್ ಫೀಡ್. ಕರ್ಸರ್ ಎತ್ತಿಡುವ ಕಮಾಂಡ್‌ಗೆ ಮುಂಚೆ ಎಷ್ಟು ಸಲ ಎಂಟರ್ ಒತ್ತಿದ್ದೀರೋ, ವಾಪಸ್ ಬಂದ ಮೇಲೆ ಎಷ್ಟು ಸಲ ಒತ್ತಿದ್ದೀರೋ, ಅಷ್ಟು ಸಾಲು ಕೆಳಗೆ. ಎಣಿಸಿ ನೋಡಿ, ಮೂರು ಸಿಗುತ್ತದೆ. ಪಿಸಿಎಲ್ ಫೈಲ್‌ನಲ್ಲಿ ಚೆಂದಕ್ಕೆ ಜಾಗ ಇಲ್ಲ, ಎಲ್ಲ ಒಂದೇ ಉದ್ದ ದಾರ. ಬೈಟ್‌ಗಳನ್ನೇ ತೋರಿಸುವ ಹೆಕ್ಸ್ ಎಡಿಟರ್ ಬಳಸಿ, ಇಲ್ಲವೇ ಸಣ್ಣ ಸ್ಕ್ರಿಪ್ಟ್ ಬರೆದು ಬೈಟ್ ಜೋಡಿಸಿ.

ಬಿಲ್‌ಬರಹ:
ಎಣಿಸಿದೆ. ಮೂರೇ. ಈಗ ಲೋಗೋ ಲೋಗೋ ಜಾಗದಲ್ಲಿ, ಬಿಲ್ ಬಿಲ್ ಜಾಗದಲ್ಲಿ. ಎಲ್ಲರಿಗೂ ದೊಡ್ಡ ನಮಸ್ಕಾರ.

ಪುಟತಿರುವು:
ಒಂದು ಪ್ರಶ್ನೆ. ಬೇಜಾರು ಮಾಡಿಕೊಳ್ಳಬೇಡಿ. ಈ ಕಾಲದಲ್ಲೂ ಇಷ್ಟೆಲ್ಲ ಯಾಕೆ? ಬಿಲ್ ಅನ್ನು ಪಿಡಿಎಫ್ ಮಾಡಿ, ಲೋಗೋ ಅದರಲ್ಲೇ ಇರಲಿ, ಪ್ರಿಂಟ್ ಕೊಡಿ. ಮುಗಿಯಿತಲ್ಲ.

ಬಿಲ್‌ಬರಹ:
ಪ್ರೋಗ್ರಾಂ ಬರೆದವರು ಈಗ ಇಲ್ಲ, ಸೋರ್ಸ್ ಕೋಡ್ ಇಲ್ಲ. ನನ್ನ ಕೈಗೆ ಸಿಕ್ಕಿರುವುದು ಆ 40 ಬೈಟ್ ಖಾನೆ ಮಾತ್ರ.

ಟೋನರ್‌ತಾತ:
ಪುಟತಿರುವು ಅವರ ಪ್ರಶ್ನೆ ತಪ್ಪಲ್ಲ. ಈ ವ್ಯವಸ್ಥೆ ಹುಟ್ಟಿದ ಕಾಲವೇ ಬೇರೆ. ಎಚ್‌ಪಿಯ ಮೊದಲ ಲೇಸರ್‌ಜೆಟ್ ಬಂದದ್ದು 1984ರಲ್ಲಿ, ಅದರಲ್ಲಿ ಇದ್ದ ಮೆಮೊರಿ 128 ಕೆಬಿ. ಮ್ಯಾಕ್ರೋ ಬಂದದ್ದು ಮರುವರ್ಷ, 1985ರ ಲೇಸರ್‌ಜೆಟ್ ಪ್ಲಸ್ ಜೊತೆಗೆ, ಪಿಸಿಎಲ್ 4ರಲ್ಲಿ. ಅದಕ್ಕೆ 512 ಕೆಬಿ.

ಲೆಕ್ಕ ಹಾಕಿ. ನಿಮ್ಮ ಲೋಗೋ 300 ಡಿಪಿಐನಲ್ಲಿ 600 ಚುಕ್ಕಿ ಅಗಲ, ಅಂದರೆ ಒಂದು ಸಾಲಿಗೆ 75 ಬೈಟ್. ಅಂಥವು 300 ಸಾಲು. 22,500 ಬೈಟ್. ಪ್ರತಿ ಸಾಲಿನ ಮುಂದೆ "ಇಗೋ 75 ಬೈಟ್ ಬರುತ್ತಿದೆ" ಅನ್ನುವ 6 ಬೈಟ್ ಕಮಾಂಡ್ ಸೇರಿಸಿ, 24,300. ಆಗ ಪ್ರಿಂಟರ್‌ಗಳನ್ನು ಸೀರಿಯಲ್ ಕೇಬಲ್‌ನಲ್ಲೂ ಜೋಡಿಸುತ್ತಿದ್ದರು. 9600 ಬಾಡ್‌ನಲ್ಲಿ ಸೆಕೆಂಡಿಗೆ 960 ಬೈಟ್. ಲೋಗೋ ಒಂದಕ್ಕೇ 25 ಸೆಕೆಂಡ್. ನೂರು ಬಿಲ್ ತೆಗೆಯುವವನು ನೂರು ಸಲ 25 ಸೆಕೆಂಡ್ ಕಾಯುತ್ತಾನಾ? ಒಮ್ಮೆ ಒಳಗೆ ಇಟ್ಟು, ಆಮೇಲೆ 7 ಬೈಟ್‌ನಲ್ಲಿ ಕರೆಯುವುದು ಆಗ ದೊಡ್ಡ ಉಪಕಾರ. ಪೂರ್ತಿ ಎ4 ಹಾಳೆಯ ಚಿತ್ರ 300 ಡಿಪಿಐಗೆ ಸುಮಾರು 10.9 ಲಕ್ಷ ಬೈಟ್ ಆಗುತ್ತದೆ, ಅದು 512 ಕೆಬಿಯಲ್ಲಿ ಹಿಡಿಸುತ್ತಲೇ ಇರಲಿಲ್ಲ. ಅದಕ್ಕೇ ಆಗಿನವರು ಚಿಕ್ಕ ಲೋಗೋ, ಗೆರೆ, ಚೌಕ ಇಷ್ಟಕ್ಕೇ ತೃಪ್ತಿ ಪಡುತ್ತಿದ್ದರು.

ಈಗ ನೆಟ್‌ವರ್ಕ್‌ನಲ್ಲಿ 24 ಕೆಬಿ ಅಂದರೆ ಏನೂ ಅಲ್ಲ. ನಾನಾದರೆ ಬಿಲ್ ಮತ್ತು ಪ್ರಿಂಟರ್ ನಡುವೆ ಒಂದು ಸಣ್ಣ ಸ್ಕ್ರಿಪ್ಟ್ ಇಟ್ಟು, ಪ್ರತಿ ಬಿಲ್‌ನ ಮುಂದೆ ಮ್ಯಾಕ್ರೋ ಫೈಲ್ ಅಂಟಿಸಿ ಕಳಿಸುತ್ತೇನೆ. ಪ್ರಿಂಟರ್‌ನ ನೆನಪಿನ ಮೇಲೆ ನನಗೆ ನಂಬಿಕೆ ಇಲ್ಲ.

ಬಿಲ್‌ಬರಹ:
ಸ್ಕ್ರಿಪ್ಟ್ ನೋಡೋಣ ತಾತ. ಸದ್ಯಕ್ಕೆ ಇದೇ ಓಡುತ್ತಿದೆ. ಬಿಲ್‌ನ ಕೆಳಗೆ ಸಹಿಯ ಚಿತ್ರವೂ ಬೇಕು ಅಂತ ಹೇಳಿದ್ದಾರೆ. ಅದನ್ನು 8ನೇ ನಂಬರ್‌ಗೆ ಹಾಕುತ್ತೇನೆ.

(ಎರಡು ದಿನ ಬಿಟ್ಟು)

ಬಿಲ್‌ಬರಹ:
ಮತ್ತೆ ಬಂದೆ. ಸಹಿಯನ್ನು ಸ್ಕ್ಯಾನ್ ಮಾಡಿ, ಬೂದು ಛಾಯೆಯನ್ನು ಚುಕ್ಕಿಗಳಾಗಿ ಮಾಡಿ, ಲೋಗೋ ಮಾಡಿದ ರೀತಿಯಲ್ಲೇ ಮ್ಯಾಕ್ರೋ ಮಾಡಿದೆ. ಅದೇ ಸ್ಕ್ರಿಪ್ಟ್, ಕಳಿಸಿದ್ದೂ ಅದೇ ದಾರಿ. ಸಹಿಯ ಮೇಲಿನ ಕಾಲು ಭಾಗ ಸರಿ ಬಂತು. ಆಮೇಲೆ ಕಸ. ಅಡ್ಡಾದಿಡ್ಡಿ ಗೆರೆ, ನಡುವೆ ಒಂದೊಂದು ಅಕ್ಷರ, ಎರಡು ಖಾಲಿ ಹಾಳೆ. ಲೋಗೋ ಮಾತ್ರ ಈಗಲೂ ಸರಿ. ಸಹಿಗೆ ಏನು ಶಾಪ?

ಬೈಟೆಣಿಕೆ:
ಫೈಲ್ ಕಳಿಸುವುದು ಯಾವ ದಾರಿಯಲ್ಲಿ?

ಬಿಲ್‌ಬರಹ:
ವಿಂಡೋಸ್‌ನಲ್ಲಿ ಬರೀ ಅಕ್ಷರ ಕಳಿಸುವ ಜೆನೆರಿಕ್ ಡ್ರೈವರ್ ಇದೆಯಲ್ಲ, ಅದರ ಮೂಲಕ.

ಬೈಟೆಣಿಕೆ:
ಹಾಗಾದರೆ ಶಾಪ ಅಲ್ಲ, ಗಣಿತ.

ಟೆಕ್ಸ್ಟ್ ದಾರಿಯಲ್ಲಿ ಹೋಗುವಾಗ ಬೆಲೆ 10 ಇರುವ ಬೈಟ್ (ಲೈನ್ ಫೀಡ್) ಕಂಡರೆ "ಓ, ಸಾಲು ಮುಗಿಯಿತು" ಅಂತ ಯಾರೋ ನಡುವೆ 13ನ್ನು (ಸಾಲಿನ ಶುರುವಿಗೆ ಹೋಗು ಅನ್ನುವ ಬೈಟ್) ಸೇರಿಸುತ್ತಾರೆ. ಅಕ್ಷರಗಳಿಗೆ ಅದು ಸರಿ. ಚಿತ್ರಕ್ಕೆ ಅದು ವಿಷ. ನೀವು 75 ಬೈಟ್ ಅಂತ ಹೇಳಿದ್ದೀರಿ, ಹೋಗುವುದು 76. ಪ್ರಿಂಟರ್ 75 ಎಣಿಸಿ ತೆಗೆದುಕೊಳ್ಳುತ್ತದೆ. 76ನೆಯದು ಹೊರಗೆ ಬೀಳುತ್ತದೆ. ಅದು ಅಚ್ಚಾಗುವ ಅಕ್ಷರ ಆಗಿದ್ದರೆ ಚಿತ್ರ ಮುಗಿಯಿತು ಅಂತ ತಿಳಿದು ಆ ಅಕ್ಷರ ಅಚ್ಚು ಮಾಡುತ್ತದೆ. 12 ಆಗಿದ್ದರೆ ಅದು ಫಾರ್ಮ್ ಫೀಡ್, ಹಾಳೆ ಹೊರಗೆ. ನಿಮ್ಮ ಖಾಲಿ ಹಾಳೆಗಳ ಕಥೆ ಬಹುಶಃ ಇದೇ.

ಲೋಗೋ ಯಾಕೆ ಬಚಾವಾಯಿತು ಅನ್ನುವುದು ನನಗೆ ಇನ್ನೂ ಇಷ್ಟದ ಭಾಗ. ಒಂದು ಬೈಟ್ ಅಂದರೆ ಎಂಟು ಚುಕ್ಕಿ. ಗಟ್ಟಿ ಕಪ್ಪಿನ ಲೋಗೋದಲ್ಲಿ ಒಂದು ಬೈಟ್ ಪೂರ್ತಿ ಬಿಳಿ, ಇಲ್ಲವೇ ಪೂರ್ತಿ ಕಪ್ಪು, ಇಲ್ಲವೇ ಅಂಚು. ಅಂಚು ಅಂದರೆ ಒಂದು ಕಡೆ ಬಿಳಿ, ಒಂದು ಕಡೆ ಕಪ್ಪು. ಬಿಳಿಯಿಂದ ಕಪ್ಪಿಗೆ ಹೋಗುವ ಅಂಚಿನ ಬೈಟ್‌ಗಳು 1, 3, 7, 15, 31, 63, 127. ಕಪ್ಪಿನಿಂದ ಬಿಳಿಗೆ ಬರುವವು 128, 192, 224, 240, 248, 252, 254. ಇದರಲ್ಲಿ 10 ಇದೆಯಾ? 13 ಇದೆಯಾ? ಇಲ್ಲ. 10 ಅಂದರೆ 00001010. ಚುಕ್ಕಿ, ಖಾಲಿ, ಚುಕ್ಕಿ, ಖಾಲಿ. ಅದು ಹುಟ್ಟುವುದೇ ಬೂದು ಛಾಯೆಯನ್ನು ಚುಕ್ಕಿ ಮಾಡಿದಾಗ. ನಿಮ್ಮ ಸಹಿಯ ತುಂಬ ಅದೇ.

ಟೋನರ್‌ತಾತ:
ಭೇಷ್! ಇಷ್ಟು ವರ್ಷದಲ್ಲಿ ನಾನು ಇದನ್ನು ಹೀಗೆ ಯೋಚಿಸಿರಲಿಲ್ಲ.

ಕೇಬಲ್‌ಕಿತ್ತವನು:
ಹಾಗಾದರೆ ಕಂಪ್ರೆಸ್ ಮಾಡಿದರೆ 10 ಬರದಂತೆ ಆಗುತ್ತಾ?

ಬೈಟೆಣಿಕೆ:
ಇಲ್ಲ, ಇನ್ನೂ ಜಾಸ್ತಿ ಬರಬಹುದು. ಪಿಸಿಎಲ್‌ನ 2ನೇ ಬಗೆ, ಪ್ಯಾಕ್‌ಬಿಟ್ಸ್, ನೋಡಿ. ಅದರಲ್ಲಿ 10 ಅಂದರೆ "ಮುಂದಿನ 11 ಬೈಟ್ ಇದ್ದ ಹಾಗೇ ತಗೋ" ಅಂತ. ಗಟ್ಟಿ ಲೋಗೋದಲ್ಲೂ ಎಲ್ಲೋ ಒಂದು ಕಡೆ 10 ಬಂದುಬಿಡಬಹುದು. ಆಗ ಲೋಗೋವೂ ಸಹಿಯ ದಾರಿಗೇ.

ಔಷಧ ಒಂದೇ, ಯಾರೂ ಮುಟ್ಟದ ದಾರಿಯಲ್ಲಿ ಕಳಿಸಿ. ವಿಂಡೋಸ್‌ನಲ್ಲಿ ಪ್ರಿಂಟರ್ ಶೇರ್ ಮಾಡಿ, ಕಮಾಂಡ್ ಪ್ರಾಂಪ್ಟ್‌ನಿಂದ ಕಾಪಿ ಕಮಾಂಡ್‌ಗೆ ಬೈನರಿ ಸ್ವಿಚ್, ಅಂದರೆ ಓರೆಗೆರೆ ಬಿ, ಹಾಕಿ ಆ ಶೇರ್ ಹೆಸರಿಗೆ ಫೈಲ್ ಕಳಿಸಿ. ಆ ಬಿ ಮರೆತರೆ ಇನ್ನೊಂದು ಆಟ ಇದೆ. 26ನೇ ಬೈಟ್ ಕಂಡಲ್ಲಿ ಫೈಲ್ ಮುಗಿಯಿತು ಅಂತ ಕಾಪಿ ನಿಂತುಬಿಡಬಹುದು. ಲಿನಕ್ಸ್‌ನಲ್ಲಿ ಎಲ್‌ಪಿ ಕಮಾಂಡ್‌ಗೆ ರಾ ಆಯ್ಕೆ ಕೊಡಿ. ಇಲ್ಲವೇ ನೆಟ್‌ಕ್ಯಾಟ್ ಪ್ರೋಗ್ರಾಂನಲ್ಲಿ ಪ್ರಿಂಟರ್‌ನ 9100 ಪೋರ್ಟ್‌ಗೆ, ಅಂದರೆ ಬಂದ ಬೈಟ್ ಹಾಗೇ ತೆಗೆದುಕೊಳ್ಳುವ ನೆಟ್‌ವರ್ಕ್ ಬಾಗಿಲಿಗೆ, ನೇರ ಸುರಿಯಿರಿ.

ಬಿಲ್‌ಬರಹ:
ಬೈನರಿ ಕಾಪಿ ಮಾಡಿದೆ. ಸಹಿ ಬಂತು, ಕೊನೆಯ ಬಾಲದವರೆಗೂ. ಬೈಟೆಣಿಕೆ ಅವರೇ, ನೀವು ಹೆಸರಿಗೆ ತಕ್ಕವರು.

ಪುಟತಿರುವು:
ಸುಮ್ಮನೆ ಕುತೂಹಲಕ್ಕೆ ನಾನೂ ಮನೆಯಲ್ಲಿ ಮಾಡಿ ನೋಡುತ್ತಿದ್ದೇನೆ. ಚಿತ್ರವನ್ನು ಪಿಸಿಎಲ್ ಮಾಡಲು ಏನು ಬಳಸಿದಿರಿ? ನಾನು ಗೋಸ್ಟ್‌ಸ್ಕ್ರಿಪ್ಟ್ ಅನ್ನುವ ಪರಿವರ್ತಕ ಪ್ರೋಗ್ರಾಂನ ಎಲ್‌ಜೆಟ್4 ಡ್ರೈವರ್ ಬಳಸಿ ಮಾಡಿದ ಫೈಲ್ ಅನ್ನು ಹಾಗೇ ಮ್ಯಾಕ್ರೋ ಒಳಗೆ ತುರುಕಿದೆ. ಕರೆದರೆ ಅರ್ಧ ಬಿಲ್ ಒಂದು ಹಾಳೆಯಲ್ಲಿ, ಮಿಕ್ಕದ್ದು ಇನ್ನೊಂದರಲ್ಲಿ. ಲೋಗೋ ಎಲ್ಲೂ ಇಲ್ಲ.

ಟೋನರ್‌ತಾತ:
ಗೋಸ್ಟ್‌ಸ್ಕ್ರಿಪ್ಟ್ ಮಾಡುವುದು ಪೂರ್ತಿ ಒಂದು ಪುಟದ ಜಾಬ್. ಅದರಲ್ಲಿ ರೀಸೆಟ್ ಇರುತ್ತದೆ, ಹಾಳೆ ಅಳತೆ ಇರುತ್ತದೆ, ಕೊನೆಗೆ ಫಾರ್ಮ್ ಫೀಡ್ ಇರುತ್ತದೆ. ಮ್ಯಾಕ್ರೋ ಒಳಗೆ ರೀಸೆಟ್ ಇರಲೇಬಾರದು. ಹಾಳೆ ಅಳತೆಯ ಕಮಾಂಡ್ ನಡುಪುಟದಲ್ಲಿ ಬಂದರೆ ಪ್ರಿಂಟರ್ ಅಲ್ಲಿಯವರೆಗಿನ ಪುಟವನ್ನು ಹೊರಗೆ ತಳ್ಳಿ ಹೊಸ ಪುಟ ಶುರು ಮಾಡುತ್ತದೆ. ಅದೇ ನಿಮ್ಮ ಅರ್ಧ ಬಿಲ್.

ಮ್ಯಾಕ್ರೋಗೆ ಬೇಕಾದದ್ದು ಚಿತ್ರದ ತಿರುಳು ಮಾತ್ರ. ನೆಟ್‌ಪಿಬಿಎಂ ಅನ್ನುವ ಚಿತ್ರ ಪ್ರೋಗ್ರಾಂಗಳ ಗಂಟಿನಲ್ಲಿ ಪಿಬಿಎಂಟುಎಲ್‌ಜೆ ಅಂತ ಒಂದು ಪುಟ್ಟ ಪ್ರೋಗ್ರಾಂ ಇದೆ. ಅದಕ್ಕೆ ನೋರೀಸೆಟ್, ಫ್ಲೋಟ್ ಅಂತ ಎರಡು ಆಯ್ಕೆ. ಮೊದಲನೆಯದು ರೀಸೆಟ್ ಬಿಡುತ್ತದೆ, ಎರಡನೆಯದು ಜಾಗ ಹೇಳುವ ಕಮಾಂಡ್‌ಗಳನ್ನು ಬಿಡುತ್ತದೆ. ಇದೇ ಕೆಲಸಕ್ಕೆ ಅಂತ ಮಾಡಿದ ಹಾಗಿದೆ. ರೆಸಲ್ಯೂಶನ್ 300 ಅಂತ ಹೇಳುವುದನ್ನು ಮರೆಯಬೇಡಿ. ಹೇಳದಿದ್ದರೆ ಅದು 75 ಅಂದುಕೊಳ್ಳುತ್ತದೆ, ಲೋಗೋ ನಾಲ್ಕು ಪಟ್ಟು ದೊಡ್ಡದಾಗಿ ಬಂದು ಹೆದರಿಸುತ್ತದೆ. ಏನೇ ಬಳಸಿದರೂ ಕೊನೆಯಲ್ಲಿ 12ನೇ ಬೈಟ್ ಉಳಿದಿದೆಯಾ ಅಂತ ಹೆಕ್ಸ್ ಎಡಿಟರ್‌ನಲ್ಲಿ ಒಮ್ಮೆ ನೋಡಿಬಿಡಿ.

ಬಿಲ್‌ಬರಹ:
ನಾನು ಸಣ್ಣ ಸ್ಕ್ರಿಪ್ಟ್ ಬರೆದು ಸಾಲು ಸಾಲಾಗಿ ಜೋಡಿಸಿದ್ದು. ಪುಟತಿರುವು ಅವರಿಗೆ ಬೇಕಾದರೆ ನನ್ನ ಲೋಗೋ ಮ್ಯಾಕ್ರೋದ ಒಳಗಿನ ಸಾಲು ಹೀಗಿದೆ. ಎಲ್ಲವೂ ಎಸ್ಕೇಪ್‌ನಿಂದ ಶುರು ಅಂತ ಓದಿ. & ಎಫ್ 0 ಕ್ಯಾಪಿಟಲ್ ಎಸ್, ಕರ್ಸರ್ ಎತ್ತಿಡಲು. * ಪಿ 1500 ಸ್ಮಾಲ್ ಎಕ್ಸ್ 100 ಕ್ಯಾಪಿಟಲ್ ವೈ, ಎಡದಿಂದ 5 ಇಂಚು, ಮೇಲಿನಿಂದ ಮೂರನೇ ಒಂದು ಇಂಚು. * ಟಿ 300 ಕ್ಯಾಪಿಟಲ್ ಆರ್, ರೆಸಲ್ಯೂಶನ್. * ಆರ್ 1 ಕ್ಯಾಪಿಟಲ್ ಎ, ಚಿತ್ರ ಶುರು. ಆಮೇಲೆ * ಬಿ 75 ಕ್ಯಾಪಿಟಲ್ ಡಬ್ಲ್ಯು, ಹಿಂದೆಯೇ 75 ಬೈಟ್. ಇದು 300 ಸಲ. ಆಮೇಲೆ * ಆರ್ ಕ್ಯಾಪಿಟಲ್ ಸಿ, ಚಿತ್ರ ಮುಗಿಯಿತು. & ಎಫ್ 1 ಕ್ಯಾಪಿಟಲ್ ಎಸ್. ಅಷ್ಟೇ. ಶುರುವಿನ ಎ ಕಮಾಂಡ್‌ನಲ್ಲಿ ಮೊದಲು 1ರ ಬದಲು 0 ಹಾಕಿದ್ದೆ. ಲೋಗೋ ಎಲ್ಲಿ ಹೇಳಿದರೂ ಎಡ ಅಂಚಿಗೇ ಹೋಗಿ ಅಂಟಿಕೊಳ್ಳುತ್ತಿತ್ತು. 1 ಅಂದರೆ ಕರ್ಸರ್ ಇರುವಲ್ಲಿಂದ.

(ಮರುದಿನ ಬೆಳಿಗ್ಗೆ)

ಬಿಲ್‌ಬರಹ:
ಬೆಳಿಗ್ಗೆ ಬಂದು ಪ್ರಿಂಟರ್ ಆನ್ ಮಾಡಿ ಬಿಲ್ ತೆಗೆದರೆ ಲೋಗೋನೂ ಇಲ್ಲ, ಸಹಿಯೂ ಇಲ್ಲ. ರಾತ್ರಿ ಕರೆಂಟ್ ತೆಗೆದಿದ್ದರು. ಪರ್ಮನೆಂಟ್ ಅಂದಿರಲ್ಲ?

ಕೇಬಲ್‌ಕಿತ್ತವನು:
ಪರ್ಮನೆಂಟ್ ಅಂದರೆ ಕರೆಂಟ್ ಇರುವವರೆಗೆ ಪರ್ಮನೆಂಟ್. 😀

ಟೋನರ್‌ತಾತ:
ನಗಬೇಡಿ, ಆ ಹೆಸರು ಇಟ್ಟವರು ಎಲ್ಲರನ್ನೂ ಹೀಗೇ ಯಾಮಾರಿಸಿದ್ದಾರೆ. ಪರ್ಮನೆಂಟ್ ಅನ್ನುವುದು ರೀಸೆಟ್‌ಗೆ ಎದುರಾಗಿ ಅಷ್ಟೇ. ಮ್ಯಾಕ್ರೋ ಇರುವುದು ರ್‍ಯಾಮ್‌ನಲ್ಲಿ. ಸ್ವಿಚ್ ಆಫ್ ಮಾಡಿದರೆ ಹೋಯಿತು. ಇದಕ್ಕೇ ನಾನು ಪ್ರಿಂಟರ್‌ನ ನೆನಪನ್ನು ನಂಬಲ್ಲ ಅಂದದ್ದು.

ಮೂರು ದಾರಿ ಇದೆ. ಬೆಳಿಗ್ಗೆ ಪ್ರಿಂಟರ್ ಆನ್ ಆದ ಮೇಲೆ ಮ್ಯಾಕ್ರೋ ಫೈಲ್ ಒಮ್ಮೆ ಕಳಿಸುವುದು ಒಂದು. ನಡುವೆ ಯಾರಾದರೂ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಬೋಳು. ಪ್ರತಿ ಬಿಲ್‌ಗೂ ಅಂಟಿಸಿ ಕಳಿಸುವುದು ಎರಡನೆಯದು. ಪ್ರಿಂಟರ್‌ನಲ್ಲಿ ಫ್ಲ್ಯಾಶ್ ಅಥವಾ ಹಾರ್ಡ್ ಡಿಸ್ಕ್ ಇದ್ದರೆ ಅಲ್ಲಿ ಇಡುವುದು ಮೂರನೆಯದು.

ಬಿಲ್‌ಬರಹ:
ಕಾನ್ಫಿಗರೇಶನ್ ಪುಟ ತೆಗೆದು ನೋಡಿದೆ. ಹಾರ್ಡ್ ಡಿಸ್ಕ್ ಇದೆ ಅಂತ ತೋರಿಸುತ್ತಿದೆ. ಅಲ್ಲಿ ಇಟ್ಟರೆ ಅದೇ 7 ಬೈಟ್ ಕಮಾಂಡ್ ಸಾಕಾ?

ಬೈಟೆಣಿಕೆ:
ಡಿಸ್ಕ್‌ನಲ್ಲಿ ಇರುವುದನ್ನು ನಂಬರ್‌ನಿಂದಲ್ಲ, ಹೆಸರಿನಿಂದ ಕರೆಯಬೇಕು. ಫೈಲ್ ಅನ್ನು ಡಿಸ್ಕ್‌ಗೆ ಹಾಕಲು ಪಿಜೆಎಲ್‌ನಲ್ಲಿ (ಪ್ರಿಂಟ್ ಜಾಬ್‌ಗಳನ್ನು ನಡೆಸುವ ಎಚ್‌ಪಿ ಭಾಷೆ) ಎಫ್‌ಎಸ್‌ಡೌನ್‌ಲೋಡ್ ಅಂತ ಕಮಾಂಡ್ ಇದೆ. ಎಚ್‌ಪಿ ಪ್ರಿಂಟರ್ ಆದರೆ ಅವರ ಪ್ರಿಂಟರ್ ನಿರ್ವಹಣೆಯ ಪ್ರೋಗ್ರಾಂ ವೆಬ್ ಜೆಟ್‌ಅಡ್ಮಿನ್‌ನಲ್ಲಿ ಫಾಂಟ್, ಮ್ಯಾಕ್ರೋ ಹಾಕಲು ಪ್ರತ್ಯೇಕ ಜಾಗವೇ ಇದೆ, ಅದು ಸುಲಭ.

ಕರೆಯುವುದು ಹೀಗೆ. ಹೆಸರು ಇಂಗ್ಲಿಷ್‌ನಲ್ಲಿ "ಲೋಗೋ" ಅಂತ ನಾಲ್ಕಕ್ಷರ ಇಟ್ಟುಕೊಳ್ಳಿ. ಎಸ್ಕೇಪ್ & ಸ್ಮಾಲ್ ಎನ್ 5 ಕ್ಯಾಪಿಟಲ್ ಡಬ್ಲ್ಯು, ಆಮೇಲೆ ಒಂದು ಬೈಟ್, ಆಮೇಲೆ ಹೆಸರಿನ ನಾಲ್ಕಕ್ಷರ. ಆ ಒಂದು ಬೈಟ್ 4. "ಈ ಹೆಸರಿನ ಮ್ಯಾಕ್ರೋ ಆರಿಸು" ಅಂತ ಅದರ ಅರ್ಥ. ಇದಾದ ಮೇಲೆ ಎಸ್ಕೇಪ್ & ಎಫ್ 3 ಕ್ಯಾಪಿಟಲ್ ಎಕ್ಸ್.

ಇಲ್ಲಿ ಎರಡು ಗುಂಡಿ ಇದೆ. 4 ಅಂದರೆ ಕೀಬೋರ್ಡ್‌ನ 4 ಅಲ್ಲ. ಕೀಬೋರ್ಡ್‌ನ 4 ಒತ್ತಿದರೆ ಹೋಗುವುದು 52ನೇ ಬೈಟ್. ಇಲ್ಲಿ ಬೇಕಾದದ್ದು ಬೆಲೆಯೇ 4 ಇರುವ ಬೈಟ್, ಕಂಟ್ರೋಲ್ ಡಿ. ಇನ್ನೊಂದು, ಎಣಿಕೆ 5 ಯಾಕೆ ಅಂದರೆ ಆ ಬೈಟ್ 1, ಹೆಸರು 4. ಹೆಸರು ಉದ್ದ ಮಾಡಿದರೆ ಎಣಿಕೆಯೂ ಬದಲಾಗಬೇಕು. ಎಣಿಕೆ ಕಡಿಮೆ ಹೇಳಿದರೆ ಹೆಸರಿನ ಬಾಲ ಬಿಲ್ ಮೇಲೆ ಅಚ್ಚಾಗುತ್ತದೆ.

ಒಟ್ಟು 15 ಬೈಟ್. ಸಹಿಗೆ ಇನ್ನೊಂದು 15. ನಿಮ್ಮ 40ರಲ್ಲಿ 10 ಮಿಗುತ್ತದೆ.

ನೆಟ್‌ಕಾವಲು:
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಲೋಗೋ ಎಲ್ಲಿ ಬೇಕಾದರೂ ಇಡಿ. ಸಹಿಯನ್ನು ಪ್ರಿಂಟರ್ ಒಳಗೆ ಇಡಬೇಡಿ.

ಬಿಲ್‌ಬರಹ:
ಯಾಕೆ ಮೇಡಂ? ಸಹಿ ಇರುವುದು ಪ್ರಿಂಟರ್ ಒಳಗೆ, ಯಾರ ಕಂಪ್ಯೂಟರ್‌ನಲ್ಲೂ ಇಲ್ಲ. ಇದೇ ಜಾಸ್ತಿ ಭದ್ರ ಅಲ್ವಾ?

ನೆಟ್‌ಕಾವಲು:
ತಾತ ಆಗಲೇ ಲೆಕ್ಕ ಹೇಳಿದ್ದಾರೆ. 7 ಬೈಟ್. ಅದರ ಹಿಂದೆ ಒಂದು ಫಾರ್ಮ್ ಫೀಡ್, ಎಂಟು. ಆ ಎಂಟು ಬೈಟ್ ಅನ್ನು 9100 ಪೋರ್ಟ್‌ಗೆ ಕಳಿಸಬಲ್ಲ ಯಾರೇ ಆಗಲಿ, ಖಾಲಿ ಹಾಳೆ ಮೇಲೆ ನಿಮ್ಮ ಸಾಹೇಬರ ಸಹಿ ತೆಗೆದುಕೊಳ್ಳಬಹುದು. ಮೇಲೆ ಏನು ಬೇಕಾದರೂ ಟೈಪ್ ಮಾಡಿಕೊಳ್ಳಬಹುದು. ಆ ಪೋರ್ಟ್ ಸಾಮಾನ್ಯವಾಗಿ ಹೆಸರು ಕೇಳಲ್ಲ, ಪಾಸ್‌ವರ್ಡ್ ಕೇಳಲ್ಲ. ಬಂದದ್ದನ್ನು ಅಚ್ಚು ಮಾಡುತ್ತದೆ.

ನಂಬರ್ ಯಾರಿಗೂ ಗೊತ್ತಿಲ್ಲ ಅನ್ನಬೇಡಿ. ಮ್ಯಾಕ್ರೋ ನಂಬರ್ 0ಯಿಂದ 32767ವರೆಗೆ. ಸಣ್ಣ ಲೂಪ್ ಬರೆದರೆ ಎಲ್ಲವನ್ನೂ ಕರೆದು ನೋಡಬಹುದು, ಇಲ್ಲದ ನಂಬರ್‌ಗೆ ಪ್ರಿಂಟರ್ ದೂರು ಹೇಳಲ್ಲ ಅಂತ ನೀವೇ ಕಂಡುಕೊಂಡಿದ್ದೀರಿ. ಡಿಸ್ಕ್‌ನಲ್ಲಿ ಇಟ್ಟರೆ ಇನ್ನೂ ಸಲೀಸು. ಪಿಜೆಎಲ್‌ನಲ್ಲಿ ಫೈಲ್ ಪಟ್ಟಿ ಕೇಳುವ ಕಮಾಂಡ್ ಇದೆ, ಫೈಲ್ ಹೊರಗೆ ತೆಗೆಯುವ ಕಮಾಂಡೂ ಇದೆ.

ಸಹಿ ಬೇಕೇ ಬೇಕು ಅಂದರೆ ತಾತ ಹೇಳಿದ ಸ್ಕ್ರಿಪ್ಟ್ ದಾರಿ ಹಿಡಿಯಿರಿ. ಜಾಬ್ ಜೊತೆಗೇ ತಾತ್ಕಾಲಿಕ ಮ್ಯಾಕ್ರೋ ಆಗಿ ಹೋಗಲಿ. ಜಾಬ್ ಮುಗಿದಾಗ ರೀಸೆಟ್ ಕಳಿಸಿ, ಅಳಿದುಹೋಗುತ್ತದೆ. ಇಲ್ಲಿ ಆ ಮರೆವೇ ನಿಮಗೆ ಬೇಕಾದದ್ದು. 9100 ಪೋರ್ಟ್ ಅನ್ನು ಪ್ರಿಂಟ್ ಸರ್ವರ್ ಬಿಟ್ಟು ಬೇರೆ ಯಾರಿಗೂ ಸಿಗದಂತೆ ಮಾಡಿ.

ಟೋನರ್‌ತಾತ:
ಮೇಡಂ ಹೇಳಿದ್ದಕ್ಕೆ ನನ್ನದೂ ಒಂದು ಕೈ. ಒಂದು ಸೂಕ್ಷ್ಮ ಮಾತ್ರ ನೋಡಿಕೊಳ್ಳಿ. ಸ್ಕ್ರಿಪ್ಟ್ ಸಹಿಯ ಮ್ಯಾಕ್ರೋವನ್ನು ಬಿಲ್‌ನ ಮುಂದೆ ಅಂಟಿಸಿದರೆ, ಬಿಲ್‌ನ ಮೊದಲ ಎರಡು ಬೈಟ್ ಇನ್ನೂ ರೀಸೆಟ್ಟೇ. ಮತ್ತೆ ಮೊದಲ ದಿನದ ಕಥೆ. ಸ್ಕ್ರಿಪ್ಟ್ ಆ ಎರಡು ಬೈಟ್ ಕತ್ತರಿಸಲಿ, ಇಲ್ಲವೇ ಮ್ಯಾಕ್ರೋವನ್ನು ಅವುಗಳ ಹಿಂದೆ ತೂರಿಸಲಿ.

ಬಿಲ್‌ಬರಹ:
ಸರಿ. ಬೆಳಿಗ್ಗೆ ಮತ್ತೆ ಕಳಿಸಿದ್ದ ಸಹಿಯನ್ನು ಪ್ರಿಂಟರ್‌ನಿಂದ ಅಳಿಸಿದೆ, ನಂಬರ್ 8 ಆರಿಸಿ 8 ಎಕ್ಸ್. ಕರೆದು ನೋಡಿದೆ, ಖಾಲಿ ಹಾಳೆ ಬಂತು. ಲೋಗೋ ಡಿಸ್ಕ್‌ನಲ್ಲಿ ಇರಲಿ. ಸ್ಕ್ರಿಪ್ಟ್ ಅನ್ನು ಈ ವಾರ ಬರೆಯುತ್ತೇನೆ.

ಕೊನೆಯ ಒಂದು ಪ್ರಶ್ನೆ. ಬಿಲ್ ಉದ್ದ ಆದರೆ ಎರಡು ಮೂರು ಪುಟ ಹೋಗುತ್ತದೆ. ಎಲ್ಲ ಪುಟಕ್ಕೂ ಚೌಕದ ಗೆರೆ ಬೇಕು. ಪ್ರೋಗ್ರಾಂ ಕಂಟ್ರೋಲ್ ಅಕ್ಷರ ಹಾಕುವುದು ಮೊದಲ ಪುಟಕ್ಕೆ ಮಾತ್ರ.

ಟೋನರ್‌ತಾತ:
ಓವರ್‌ಲೇ ಇರುವುದೇ ಅದಕ್ಕೆ. ಗೆರೆಗಳ ಮ್ಯಾಕ್ರೋ ಬೇರೆ ಮಾಡಿ, 3 ಎಕ್ಸ್ ಬದಲು 4 ಎಕ್ಸ್ ಕೊಡಿ. ಆಮೇಲೆ ಪ್ರತಿ ಪುಟ ಹೊರಗೆ ಬೀಳುವ ಮುಂಚೆ ಪ್ರಿಂಟರ್ ತಾನೇ ಆ ಮ್ಯಾಕ್ರೋ ಓಡಿಸುತ್ತದೆ. ನೀವು ಪ್ರತಿ ಪುಟಕ್ಕೂ ಹೇಳಬೇಕಿಲ್ಲ. ರೀಸೆಟ್ ಬಂದರೆ ಓವರ್‌ಲೇ ಆಫ್ ಆಗುತ್ತದೆ, ಮ್ಯಾಕ್ರೋ ಪರ್ಮನೆಂಟ್ ಇದ್ದರೂ. ನಡುವೆ ಹಾಳೆಯ ಅಳತೆ, ಅಡ್ಡ ಉದ್ದ ಬದಲಿಸಿದರೂ ಆಫ್. ಹಾಗಾಗಿ ಪ್ರತಿ ಬಿಲ್‌ನಲ್ಲಿ ರೀಸೆಟ್ ಆದ ಮೇಲೆ 4 ಎಕ್ಸ್ ಒಮ್ಮೆ ಇರಲಿ. ಗೆರೆ ಅಕ್ಷರದ ಮೇಲೆ ಬರುತ್ತದೆ ಅಂತ ಹೆದರಬೇಡಿ. ಮಾಮೂಲು ಸ್ಥಿತಿಯಲ್ಲಿ ಮ್ಯಾಕ್ರೋದ ಬಿಳಿ ಭಾಗ ಕೆಳಗಿನದನ್ನು ಅಳಿಸುವುದಿಲ್ಲ.

ಹೊಸಟ್ರೇ:
ನಮಸ್ಕಾರ, ಇದನ್ನೆಲ್ಲ ಓದಿ ನಾನೂ ಮಾಡಿದೆ. ನನ್ನ ಪ್ರಿಂಟರ್‌ನಲ್ಲಿ ಲೋಗೋ ಬದಲು "&" ಚಿಹ್ನೆ, ಅದರ ಪಕ್ಕ ಎಫ್, 7, ವೈ, 3, ಎಕ್ಸ್ ಅಂತ ಹಾಳೆ ಮೇಲೆ ಅಚ್ಚಾಗುತ್ತಿದೆ.

ಬೈಟೆಣಿಕೆ:
27ನೇ ಬೈಟ್ ದಾರಿಯಲ್ಲಿ ಉದುರಿದೆ. ಮುಂದಾಳು ಇಲ್ಲದ ಮೆರವಣಿಗೆ ಹಾಗೇ ಅಚ್ಚಾಗಿದೆ. ಯಾವ ದಾರಿಯಲ್ಲಿ ಕಳಿಸಿದಿರಿ?

ಹೊಸಟ್ರೇ:
ವರ್ಡ್‌ನಲ್ಲಿ ಟೈಪ್ ಮಾಡಿ ಪ್ರಿಂಟ್ ಕೊಟ್ಟೆ.

ಕೇಬಲ್‌ಕಿತ್ತವನು:
😀😀

ಬೈಟೆಣಿಕೆ:
ನಗು ಆಮೇಲೆ. ವರ್ಡ್‌ಗೆ ಅದು ಬರೀ ಅಕ್ಷರ, ಡ್ರೈವರ್ ಅದನ್ನು ಅಕ್ಷರವಾಗಿಯೇ ಬರೆಯುತ್ತದೆ. ಮೊದಲು ಕಾನ್ಫಿಗರೇಶನ್ ಪುಟ ತೆಗೆಯಿರಿ. ಅದರಲ್ಲಿ ಪಿಸಿಎಲ್ 5 ಅಂತ ಎಲ್ಲಾದರೂ ಇದೆಯಾ ನೋಡಿ. ಬರೀ ಪಿಸಿಎಲ್ ಎಕ್ಸ್‌ಎಲ್ ಇದ್ದರೆ ಈ ಎಸ್ಕೇಪ್ ಕಮಾಂಡ್‌ಗಳು ನಡೆಯಲ್ಲ, ಅದರ ಭಾಷೆಯೇ ಬೇರೆ.

ಹೊಸಟ್ರೇ:
ತೆಗೆದೆ. ಪಿಸಿಎಲ್ ಅನ್ನುವ ಪದವೇ ಇಲ್ಲ. ಭಾಷೆ ಅನ್ನುವ ಜಾಗದಲ್ಲಿ "ಹೋಸ್ಟ್ ಬೇಸ್ಡ್" ಅಂತ ಇದೆ.

ಟೋನರ್‌ತಾತ:
ಹಾಗಾದರೆ ಆ ಪ್ರಿಂಟರ್‌ಗೆ ಸ್ವಂತ ತಲೆ ಇಲ್ಲ. ಪುಟವನ್ನು ಕಂಪ್ಯೂಟರೇ ಚುಕ್ಕಿ ಚುಕ್ಕಿಯಾಗಿ ಮಾಡಿ ಕೊಡಬೇಕು. ಮ್ಯಾಕ್ರೋ ಇಡಲು ಅದರಲ್ಲಿ ಜಾಗವೇ ಇಲ್ಲ. ನೀವು ಪುಟತಿರುವು ಅವರ ಮಾತು ಕೇಳಿ, ಪಿಡಿಎಫ್ ಮಾಡಿ.

ಪುಟತಿರುವು:
ಅಂತೂ ಒಬ್ಬರು ಸಿಕ್ಕರು.